ಕೊಳ್ಳುವ ಮುನ್ನ ಓದತಕ್ಕದ್ದು: ಲಿಕ್ವಿಡ್ ಕೂಲರ್ ಬಳಕೆದಾರರ ಕೈಪಿಡಿ



ತಮ್ಮ ಕಂಪ್ಯೂಟರಿನ ಪ್ರೊಸೆಸರಿಗೆ ನೀರಿನ ವ್ಯವಸ್ಥೆ ಮಾಡಿಕೊಡಲು ಮುಂದಾಗಿದ್ದಕ್ಕೆ ಅಭಿನಂದನೆಗಳು. ಮನೆಯ ಮನುಷ್ಯರಿಗೆ ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತಿದ್ದರೆ ಆ ದೂರು ಈ ಕೈಪಿಡಿಯ ವ್ಯಾಪ್ತಿಗೆ ಬರುವುದಿಲ್ಲ.

ನಮ್ಮಲ್ಲಿ ಕೈಪಿಡಿ ಹುಡುಕುವುದು ಸಾಮಾನು ಕೆಟ್ಟ ಮೇಲೆ. ಅಷ್ಟು ಹೊತ್ತಿಗೆ ಅದು ಖಾಲಿ ಪೆಟ್ಟಿಗೆಯ ಸಮೇತ ರದ್ದಿಯವನ ಗಾಡಿ ಹತ್ತಿರುತ್ತದೆ. ಆದ್ದರಿಂದ ಇದನ್ನು ಕೊಳ್ಳುವ ಮೊದಲೇ ಓದತಕ್ಕದ್ದು. ಓದಿ ಮುಗಿಸಿದಾಗ ಕೊಳ್ಳುವ ಆಸೆಯೇ ಹೋಗಿದ್ದರೆ ಅದಕ್ಕೆ ತಯಾರಕರು ಜವಾಬ್ದಾರರಲ್ಲ.

ಅಧ್ಯಾಯ 1: ಪೆಟ್ಟಿಗೆಯಲ್ಲಿರುವ ವಸ್ತುಗಳು

ಪಂಪು ಒಂದು. ಅದರ ಅಡಿಯಲ್ಲಿ ತಾಮ್ರದ ತಟ್ಟೆ. ಪ್ರೊಸೆಸರಿನ ನೆತ್ತಿಯ ಮೇಲೆ ಒತ್ತಿ ಕೂರುವುದು ಇದೇ. ತಟ್ಟೆಯ ಒಳಮೈಯಲ್ಲಿ ತೀರಾ ಸಣ್ಣ ಗೀರುಗಳಿವೆ, ನೀರು ಅವುಗಳ ನಡುವೆ ನುಸುಳಿ ಬಿಸಿಯನ್ನು ಹೊತ್ತು ಹೊರಡುತ್ತದೆ. ರಬ್ಬರ್ ಪೈಪು ಎರಡು. ಅಲ್ಯೂಮಿನಿಯಂ ರೇಡಿಯೇಟರ್ ಒಂದು. ಫ್ಯಾನು ಎರಡು ಅಥವಾ ಮೂರು. ಒಳಗೆ ಕಾರ್ಖಾನೆಯಲ್ಲೇ ತುಂಬಿ ಸೀಲು ಮಾಡಿದ ದ್ರವ: ನೀರು, ಗ್ಲೈಕಾಲ್, ಜೊತೆಗೆ ತಾಮ್ರವೂ ಅಲ್ಯೂಮಿನಿಯಮ್ಮೂ ಒಂದೇ ನೀರಿನಲ್ಲಿ ಸಂಸಾರ ಮಾಡುವಾಗ ಎರಡನೆಯದು ಸವೆದುಹೋಗದಂತೆ ಬೆರೆಸಿದ ರಾಸಾಯನಿಕ. ಇಷ್ಟೂ ಒಂದೇ ತುಂಡಾಗಿ ಬರುವುದರಿಂದ ಅಂಗಡಿಯಲ್ಲಿ ಇದನ್ನು ಎಐಒ, ಅಂದರೆ ಆಲ್-ಇನ್-ಒನ್, ಎನ್ನುತ್ತಾರೆ.

ಸ್ಕ್ರೂ ಪೊಟ್ಟಣಗಳು ಎರಡು, ಇಂಟೆಲ್‌ಗೊಂದು ಎಎಂಡಿಗೊಂದು. ಬೇಡವಾದದ್ದನ್ನು ಎಸೆಯಬಾರದು. ಮುಂದೆ ಮದರ್‌ಬೋರ್ಡ್ ಬದಲಿಸುವಾಗ ಅದು ಬೇಕಾಗುತ್ತದೆ. ಆಗ ಸಿಗುವುದಿಲ್ಲ, ಅದು ಬೇರೆ ಮಾತು.

ಅಧ್ಯಾಯ 2: ಇದು ಕೆಲಸ ಮಾಡುವ ಬಗೆ

ಪ್ರೊಸೆಸರಿನ ಬಿಸಿ ತಾಮ್ರಕ್ಕೆ, ತಾಮ್ರದಿಂದ ನೀರಿಗೆ, ನೀರಿನಿಂದ ರೇಡಿಯೇಟರಿಗೆ, ರೇಡಿಯೇಟರಿನಿಂದ ಫ್ಯಾನಿನ ಗಾಳಿಗೆ, ಗಾಳಿಯಿಂದ ತಮ್ಮ ಕೋಣೆಗೆ. ನೀರು ಬಿಸಿಯನ್ನು ನುಂಗಿ ಜೀರ್ಣಿಸಿಕೊಳ್ಳುತ್ತದೆ ಎಂಬ ನಂಬಿಕೆ ಎಲ್ಲೆಲ್ಲೂ ಇದೆ. ಅದು ಮಾಡುವುದು ಸಾಗಾಣಿಕೆ ಮಾತ್ರ, ಅದೂ ಒಂದೆರಡು ಅಡಿ ದೂರಕ್ಕೆ. ಪ್ರೊಸೆಸರ್ 250 ವಾಟ್ ಎಳೆದರೆ ಆ 250 ವಾಟೂ ಬಿಸಿಯಾಗಿ ಕೋಣೆಯಲ್ಲೇ ಉಳಿಯುತ್ತದೆ, ಕೂಲರಿನ ಬೆಲೆ ಎಷ್ಟೇ ಇರಲಿ. ಹೀಗಾಗಿ ಲಿಕ್ವಿಡ್ ಕೂಲರೂ ಕೊನೆಗೆ ಗಾಳಿಯಿಂದಲೇ ತಣಿಯುವ ಕೂಲರು.

ಇದರಿಂದ ಎರಡು ಪರಿಣಾಮ. ರಾಯಚೂರಿನ ಮೇ ತಿಂಗಳಲ್ಲಿ ಕೋಣೆ 40 ಡಿಗ್ರಿ ಇದ್ದರೆ ಪೈಪಿನೊಳಗಿನ ನೀರು ಅದಕ್ಕಿಂತ ಕೆಳಗೆ ಇಳಿಯುವ ಮಾತೇ ಇಲ್ಲ. ಇದು ಫ್ರಿಜ್ಜಲ್ಲ. ಅದೇ ಕಾರಣಕ್ಕೆ ಮಂಗಳೂರಿನ ಮಳೆಗಾಲದಲ್ಲಿ ಪೈಪಿನ ಮೇಲೆ ಇಬ್ಬನಿ ಕೂತು ಮದರ್‌ಬೋರ್ಡ್ ಮೇಲೆ ತೊಟ್ಟಿಕ್ಕೀತು ಎಂಬ ಭಯವೂ ಬೇಡ. ಕೋಣೆಗಿಂತ ತಣ್ಣಗಾಗದ ವಸ್ತುವಿನ ಮೇಲೆ ಇಬ್ಬನಿ ಕೂರುವುದಿಲ್ಲ.

ಇನ್ನೊಂದು ವಿಷಯವನ್ನು ಮಾರುವವರು ಹೇಳುವುದಿಲ್ಲ, ಯಾಕೆಂದರೆ ಹೇಳದಿರುವುದೇ ಅವರಿಗೆ ಅನುಕೂಲ. ನೀರಿಗೆ ಬಿಸಿ ಹಿಡಿದಿಟ್ಟುಕೊಳ್ಳುವ ತಾಕತ್ತು ಜಾಸ್ತಿ. ಕಂಪ್ಯೂಟರಿಗೆ ಭಾರೀ ಕೆಲಸ ಕೊಟ್ಟರೂ ಒಳಗಿನ ನೀರು ತನ್ನ ಕೊನೆಯ ತಾಪ ಮುಟ್ಟಲು ಹತ್ತು ಹದಿನೈದು ನಿಮಿಷ ಬೇಕು. ಅಂಗಡಿಯಲ್ಲಿ ಎರಡು ನಿಮಿಷ ಸಿನೆಬೆಂಚ್ ಎಂಬ ಪರೀಕ್ಷೆ ಓಡಿಸಿ, 'ನೋಡಿ ಸಾರ್, ಎಷ್ಟು ಕೂಲ್ ಇದೆ' ಎಂದರೆ ತಾವು ನೋಡಿದ್ದು ಬಿಸಿಯಾಗುವುದಕ್ಕೆ ಇನ್ನೂ ಸಮಯ ಸಿಗದ ನೀರನ್ನು. ಅಲ್ಲೇ ಸ್ಟೂಲಿನ ಮೇಲೆ ಕೂತು, ಒಂದು ಬೈಟು ಕಾಫಿ ತರಿಸಿ ಕುಡಿದು, ಆಮೇಲೆ ಸಂಖ್ಯೆ ನೋಡತಕ್ಕದ್ದು.

ಅಧ್ಯಾಯ 3: ತಮ್ಮ ಪ್ರೊಸೆಸರಿಗೆ ಇದರ ಅಗತ್ಯವಿದೆಯೇ?

ಬಹುತೇಕ ಇಲ್ಲ.

ಆದರೆ ಕೈಪಿಡಿ ಎಂದ ಮೇಲೆ ಕಾರಣ ಕೊಡಬೇಕು. ಇಂಟೆಲ್ ಕೋರ್ ಐ5-12400ರ ಮೂಲ ವಾಟೇಜು 65, ಪೂರ್ತಿ ಎದ್ದು ನಿಂತರೆ 117. ಇದಕ್ಕೆ ಲಿಕ್ವಿಡ್ ಕೂಲರ್ ಹಾಕಿದರೆ ಪ್ರೊಸೆಸರಿಗೆ ಆಗುವುದು ಸಂಕೋಚ. ಗೇಮ್ ಆಡುವವರು ಹುಡುಕಿಕೊಂಡು ಹೋಗುವ ರೈಜನ್ 7 7800ಎಕ್ಸ್3ಡಿ ಲೆಕ್ಕಕ್ಕೆ 120 ವಾಟಿನದು, ಗೇಮಿನಲ್ಲಿ ಎಳೆಯುವುದು ಅದಕ್ಕಿಂತ ಎಷ್ಟೋ ಕಡಿಮೆ. ನೀರಿಲ್ಲದೆ ಎರಡು ಲೋಹದ ಗೋಪುರ ಮತ್ತು ಫ್ಯಾನಿನಿಂದಲೇ ತಣಿಸುವ ಒಂದು ಒಳ್ಳೆಯ ಏರ್ ಕೂಲರ್, ಥರ್ಮಲ್‌ರೈಟ್‌ನ ಪೀರ್‌ಲೆಸ್ ಅಸ್ಯಾಸಿನ್ ತರಹದ್ದು, ಇದನ್ನು ಸಲೀಸಾಗಿ ಸಂಭಾಳಿಸುತ್ತದೆ. ಅದರ ಬೆಲೆ ಒಳ್ಳೆಯ ದೊಡ್ಡ ಲಿಕ್ವಿಡ್ ಕೂಲರಿಗಿಂತ ಎಷ್ಟೋ ಕಡಿಮೆ.

ಇನ್ನು ಕೋರ್ ಐ9-13900ಕೆ ಇದೆ, 253 ವಾಟಿನವರೆಗೆ ಹೋಗುತ್ತದೆ. ರೈಜನ್ 9 7950ಎಕ್ಸ್ ಇದೆ, ಸಾಕೆಟ್‌ನಿಂದ 230 ವಾಟ್ ಎಳೆಯಬಲ್ಲದು. ಇವುಗಳ ಮೇಲೆ ದಿನವಿಡೀ ವಿಡಿಯೋ ರೆಂಡರ್ ಮಾಡುವವರು, ಬ್ಲೆಂಡರಿನಲ್ಲಿ ಅನಿಮೇಷನ್ ಮಾಡಿ ಹೊಟ್ಟೆ ಹೊರೆಯುವವರು ಮುಂದಿನ ಅಧ್ಯಾಯಕ್ಕೆ ಹೋಗಬಹುದು. ಅವರ ಅಗತ್ಯ ನಿಜವಾದದ್ದು.

ಹೋಗುವ ಮೊದಲು ಒಂದು ಲೆಕ್ಕ. ಮನೆಯ ಇಸ್ತ್ರಿ ಪೆಟ್ಟಿಗೆ 1000 ವಾಟಿನದು ಎಂದುಕೊಳ್ಳಿ. ಅದರ ತಳ ಸುಮಾರು 200 ಚದರ ಸೆಂಟಿಮೀಟರ್. ಅಂದರೆ ಚದರ ಸೆಂಟಿಮೀಟರಿಗೆ 5 ವಾಟ್. ಅಷ್ಟಕ್ಕೇ ಬಟ್ಟೆ ಸುಡುತ್ತದೆ. 7950ಎಕ್ಸ್‌ನ ಮುಚ್ಚಳದ ಕೆಳಗೆ ಲೆಕ್ಕ ಮಾಡುವ ಚಿಪ್ಪುಗಳು ಎರಡು, ಒಂದೊಂದೂ ಸುಮಾರು 70 ಚದರ ಮಿಲಿಮೀಟರ್, ಕಿರುಬೆರಳಿನ ಉಗುರಿನಷ್ಟು. ಅಲ್ಲಿಂದ ತಲಾ 100 ವಾಟ್ ಹೊರಟರೂ ಚದರ ಸೆಂಟಿಮೀಟರಿಗೆ 140 ವಾಟ್ ದಾಟುತ್ತದೆ. ಇಸ್ತ್ರಿ ಪೆಟ್ಟಿಗೆಯ 25 ಪಟ್ಟಿಗೂ ಹೆಚ್ಚು. ಇಷ್ಟು ಬಿಸಿ ಅಷ್ಟು ಸಣ್ಣ ಜಾಗದಿಂದ ಎದ್ದು ಮುಚ್ಚಳ ದಾಟಿ ತಾಮ್ರದ ತಟ್ಟೆ ಮುಟ್ಟುವುದೇ ದೊಡ್ಡ ಕಷ್ಟ. ಆ ಮೊದಲ ಕೆಲವು ಮಿಲಿಮೀಟರಿನಲ್ಲಿ ಸಿಕ್ಕಿಕೊಂಡ ಬಿಸಿಗೆ, ಆಚೆ ತುದಿಯಲ್ಲಿ ರೇಡಿಯೇಟರ್ ಎಷ್ಟು ಉದ್ದವಿದ್ದರೇನು? ಆದ್ದರಿಂದಲೇ ಏರ್ ಕೂಲರಿನಿಂದ ದುಬಾರಿ ಲಿಕ್ವಿಡ್ಡಿಗೆ ಬಂದವರು 20 ಡಿಗ್ರಿ ಇಳಿಯುತ್ತದೆ ಎಂದುಕೊಂಡು, ಇಳಿದದ್ದು ನೋಡಿ ಮಾತಾಡದೆ ಕೂರುತ್ತಾರೆ.

ಎಎಂಡಿ ತನ್ನ ರೈಜನ್ 7000 ಸರಣಿಯನ್ನು 2022ರಲ್ಲಿ ಬಿಟ್ಟಾಗಲೇ, ಭಾರೀ ಕೆಲಸದಲ್ಲಿ 95 ಡಿಗ್ರಿ ಮುಟ್ಟುವುದು ಇದರ ವಿನ್ಯಾಸದಲ್ಲೇ ಇದೆ ಎಂದಿತ್ತು. ತಣ್ಣಗೆ ಇಟ್ಟಷ್ಟೂ ಅದು ಇನ್ನಷ್ಟು ವೇಗ ಹೆಚ್ಚಿಸಿಕೊಂಡು ಮತ್ತೆ 95ಕ್ಕೇ ಹೋಗಿ ನಿಲ್ಲಲು ನೋಡುತ್ತದೆ. ಸಂಬಳ ಹೆಚ್ಚಿದಷ್ಟೂ ತಿಂಗಳ ಕೊನೆಗೆ ಅದೇ ಬ್ಯಾಲೆನ್ಸ್ ಉಳಿಸಿಕೊಳ್ಳುವ ಜಾತಿ.

ಬಿಲ್ ಕಟ್ಟುವ ಅಪ್ಪಂದಿರಿಗೆ ಪ್ರತ್ಯೇಕ ಟಿಪ್ಪಣಿ: ಮಗ 'ಅಪ್ಪಾ, ಕಾಲೇಜು ಪ್ರಾಜೆಕ್ಟಿಗೆ ಲಿಕ್ವಿಡ್ ಕೂಲಿಂಗ್ ಬೇಕೇ ಬೇಕು' ಎಂದರೆ ಪ್ರಾಜೆಕ್ಟಿನ ಹೆಸರು ಕೇಳಿ. ಹೆಸರು ಹೇಳಲು ಅರ್ಧ ನಿಮಿಷಕ್ಕಿಂತ ಹೆಚ್ಚು ಹಿಡಿದರೆ ಏರ್ ಕೂಲರ್ ಸಾಕು.

ಅಧ್ಯಾಯ 4: ವಂಶಾವಳಿ

ದೊಡ್ಡ ಮನೆತನವೇ. 1985ರ ಕ್ರೇ-2 ಎಂಬ ಸೂಪರ್ ಕಂಪ್ಯೂಟರಿನ ಸರ್ಕ್ಯೂಟುಗಳು ಫ್ಲೋರಿನರ್ಟ್ ಎಂಬ, ವಿದ್ಯುತ್ ಹರಿಯಗೊಡದ ದ್ರವದಲ್ಲಿ ಪೂರ್ತಿ ಮುಳುಗಿ ಕೂತಿದ್ದವು. 2004ರಲ್ಲಿ ಆಪಲ್ ತನ್ನ ಪವರ್ ಮ್ಯಾಕ್ ಜಿ5ಗೆ ಕಾರ್ಖಾನೆಯಿಂದಲೇ ದ್ರವ ತುಂಬಿ ಕಳಿಸಿತು. ವರ್ಷಗಳು ಕಳೆದಂತೆ ಅವುಗಳಲ್ಲಿ ಕೆಲವು ಸೋರಿದ ಕಥೆಯೂ ಅಷ್ಟೇ ಪ್ರಸಿದ್ಧ. ಪಂಪನ್ನು ತಾಮ್ರದ ತಟ್ಟೆಯ ಮೇಲೇ ಕೂರಿಸುವ ಈಗಿನ ವಿನ್ಯಾಸಕ್ಕೆ ಡೆನ್ಮಾರ್ಕಿನ ಅಸೆಟೆಕ್ ಕಂಪನಿ ಪೇಟೆಂಟ್ ಪಡೆದು ಅಮೆರಿಕದ ಕೋರ್ಟುಗಳನ್ನು ಹತ್ತಿತು, 2014ರಲ್ಲಿ ಜ್ಯೂರಿ ತೀರ್ಪು ಅದರ ಪರವಾಗಿ ಬಂತು. ಬೇರೆ ಕೆಲವು ಕಂಪನಿಗಳು ಪಂಪನ್ನು ರೇಡಿಯೇಟರಿಗೋ ಪೈಪಿನ ನಡುವಿಗೋ ಒಯ್ದು ಕೂರಿಸಿದವು, ಉಳಿದ ಎಷ್ಟೋ ಕಂಪನಿಗಳು ಅದನ್ನು ಒಂದೇ ಕಡೆಯಿಂದ ತರಿಸಿಕೊಂಡವು. ಗ್ರಾಹಕರಿಗೆ ಇದರಿಂದ ತಿಳಿಯಬೇಕಾದದ್ದು: ಪೆಟ್ಟಿಗೆಯ ಮೇಲಿನ ಹೆಸರು ಬೇರೆ ಬೇರೆಯಾದರೂ ಒಳಗಿನ ಪಂಪು ಎಷ್ಟೋ ಸಲ ಒಂದೇ ಕಾರ್ಖಾನೆಯದು. ಎರಡು ಬ್ರಾಂಡುಗಳ ನಡುವೆ ತೂಗಾಡುತ್ತ ರಾತ್ರಿ ನಿದ್ದೆಗೆಡುವ ಮೊದಲು ಇದನ್ನು ನೆನೆಯಿರಿ.

ಅಧ್ಯಾಯ 5: ಅಳತೆ

ಲಿಕ್ವಿಡ್ ಕೂಲರನ್ನು ರೇಡಿಯೇಟರಿನ ಅಳತೆಯಿಂದ ಕರೆಯುತ್ತಾರೆ: 120, 240, 280, 360, 420. ಇದರಲ್ಲಿ 120ರದ್ದನ್ನು ಇಲ್ಲಿಗೇ ಬಿಟ್ಟುಬಿಡೋಣ. ಅದೇ ದುಡ್ಡಿಗೆ ಅದಕ್ಕಿಂತ ಚೆನ್ನಾಗಿ ತಣಿಸುವ ಏರ್ ಕೂಲರ್ ಸಿಗುತ್ತದೆ. ತೀರಾ ಪುಟ್ಟ ಕ್ಯಾಬಿನೆಟ್ಟಿನವರಿಗೆ ಮಾತ್ರ ವಿನಾಯಿತಿ.

ಗ್ರಾಹಕರು 240ನ್ನೋ 360ನ್ನೋ ಕೇಳುತ್ತಾರೆ, ನಡುವಿನ 280ನ್ನು ಯಾರೂ ಮಾತಾಡಿಸುವುದಿಲ್ಲ. ಅದರ ಫ್ಯಾನು 140 ಮಿಲಿಮೀಟರಿನದು, ಆದ್ದರಿಂದ ಅದರ ಮೈ 240ಕ್ಕಿಂತ ಶೇಕಡಾ 36ರಷ್ಟು ದೊಡ್ಡದು, 360 ಇದಕ್ಕಿಂತ ದೊಡ್ಡದಿರುವುದು ಬರೀ ಶೇಕಡಾ 10. ಉದ್ದವೂ 360ಕ್ಕಿಂತ ಕಡಿಮೆ, ಕ್ಯಾಬಿನೆಟ್ಟಿಗೆ ಅದರ ಅಗಲ ಹಿಡಿಸುವುದಾದರೆ ಜಾಣರು ಕೇಳಬೇಕಾದದ್ದು ಇದನ್ನೇ. ಅಂಗಡಿಯಲ್ಲಿ ಸ್ಟಾಕ್ ಇರುವುದಿಲ್ಲ.

ಎಚ್ಚರಿಕೆ! 360 ಎಂದರೆ 360 ಅಲ್ಲ. ಅದು ಮೂರು ಫ್ಯಾನುಗಳ ಉದ್ದದ ಮೊತ್ತ. ರೇಡಿಯೇಟರಿನ ಎರಡೂ ತುದಿಗೆ ನೀರು ತಿರುಗುವ ತೊಟ್ಟಿಗಳಿರುತ್ತವೆ, ಅವೂ ಸೇರಿ 400 ಮಿಲಿಮೀಟರಿನ ಹತ್ತಿರ ಬರುತ್ತದೆ. ದಪ್ಪ ಸಾಮಾನ್ಯವಾಗಿ 27, ಫ್ಯಾನಿನದು 25, ಒಟ್ಟು 52. ಕ್ಯಾಬಿನೆಟ್ಟಿನ ಜಾಹೀರಾತಿನಲ್ಲಿ '360 ಸಪೋರ್ಟ್' ಎಂದಿದ್ದರೆ ಅದು ಮೇಲ್ಛಾವಣಿಗೋ ಮುಂಭಾಗಕ್ಕೋ ಎಂದು ಕೇಳಿ. ಮೇಲ್ಛಾವಣಿ ಎಂದರೆ ಎತ್ತರದ ರ್‍ಯಾಮಿಗೆ ಅದು ತಗಲುತ್ತದೆಯೇ ಎಂದು ಮತ್ತೆ ಕೇಳಿ. ಹೊಲಿಗೆಯ ಟೇಪು ತೆಗೆದುಕೊಂಡು ಹೋದರೆ ಅಂಗಡಿಯವರು ನಗುತ್ತಾರೆ. ನಗಲಿ.

ಅಧ್ಯಾಯ 6: ಅಂಗಡಿಯಲ್ಲಿ ನಡೆದುಕೊಳ್ಳಬೇಕಾದ ರೀತಿ

ಸ್ಥಳ: ಬೆಂಗಳೂರಿನ ಎಸ್‌.ಪಿ. ರೋಡ್. ಗಾಡಿ ನಿಲ್ಲಿಸಲು ಜಾಗ ಹುಡುಕುವುದು ಗ್ರಾಹಕರ ಸ್ವಂತ ಜವಾಬ್ದಾರಿ. ಕೌಂಟರಿನ ಹಿಂದಿನ ಹುಡುಗ ತಮ್ಮ ಕೊಟೇಶನ್ ಚೀಟಿ ನೋಡಿ ಹೇಳುವುದು ಇದು:

'ಸಾರ್, ಗ್ಲಾಸ್ ಕ್ಯಾಬಿನೆಟ್ ತಗೊಂಡು ಒಳಗೆ ಏರ್ ಕೂಲರ್ ಹಾಕಿದ್ರೆ ಲುಕ್ಕೇ ಬರಲ್ಲ.'

ಈ ಮಾತು ಸತ್ಯ. ಇದನ್ನು ಅಲ್ಲಗಳೆಯಬಾರದು. ಒಂದೂಕಾಲು ಕೆಜಿಗೂ ಹೆಚ್ಚು ತೂಗುವ ನಾಕ್ಟುವಾದ ಎನ್‌ಎಚ್-ಡಿ15 ಏರ್ ಕೂಲರ್, ಅದೂ ಕಂದು-ಕೆನೆ ಬಣ್ಣದ ಫ್ಯಾನುಗಳ ಸಮೇತ, ಮದರ್‌ಬೋರ್ಡಿನ ಅರ್ಧ ಭಾಗವನ್ನು ಮುಚ್ಚಿ ಕೂತಿರುವುದು ಯಾರಿಗೂ ಕಣ್ಣಿಗೆ ಹಬ್ಬವಲ್ಲ. ಅಂದಕ್ಕಾಗಿ ಲಿಕ್ವಿಡ್ ಕೂಲರ್ ಕೊಳ್ಳುವುದರಲ್ಲಿ ಈ ಕೈಪಿಡಿಗೆ ಯಾವ ತಕರಾರೂ ಇಲ್ಲ. ಜನ ಪರದೆಗೆ, ಸೋಫಾಕ್ಕೆ ದುಡ್ಡು ಸುರಿಯುವುದಿಲ್ಲವೇ? 'ಚೆಂದ ಕಾಣುತ್ತೆ ಅಂತ ತಗೊಂಡೆ' ಎಂದು ಬಾಯಿಬಿಟ್ಟು ಹೇಳುವವರನ್ನು ನೋಡಿದರೆ ಖುಷಿಯಾಗುತ್ತದೆ. ತಕರಾರು ಇರುವುದು ಅದೇ ಆಸೆಗೆ ತಾಪ, ಬಾಳಿಕೆ, ಭವಿಷ್ಯ ಎಂದು ಹೆಸರಿಟ್ಟು ಮನೆಯವರಿಗೆ ಹೇಳುವವರ ಬಗ್ಗೆ.

ಲಿಕ್ವಿಡ್ಡಿನ ಪರವಾಗಿ ಅಂಗಡಿಯವರೂ ಹೇಳದ ಒಂದು ಒಳ್ಳೆಯ ಕಾರಣವಿದೆ. ಬೆಂಗಳೂರಿನಲ್ಲಿ ಜೋಡಿಸಿದ ಕಂಪ್ಯೂಟರನ್ನು ರಾತ್ರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಕಳಿಸುವಾಗ, ಒಂದು ಕೆಜಿ ದಾಟುವ ಏರ್ ಕೂಲರ್ ಪ್ರತಿ ಗುಂಡಿಗೂ ಮದರ್‌ಬೋರ್ಡನ್ನು ಜಗ್ಗುತ್ತದೆ. ಬಿಚ್ಚಿ ಕಳಿಸಬೇಕು, ಅಲ್ಲಿ ಮತ್ತೆ ಕೂರಿಸಬೇಕು. ಲಿಕ್ವಿಡ್ ಕೂಲರಿನ ಭಾರ ಕ್ಯಾಬಿನೆಟ್ಟಿನ ಮೇಲೆ ಬೀಳುತ್ತದೆ, ಬೋರ್ಡಿಗೆ ಬೀಳುವುದು ಪಂಪಿನದಷ್ಟೇ.

ಮುಂದೆ ಹುಡುಗ ಪಂಪಿನ ತಲೆಯ ಮೇಲೆ ಎಲ್‌ಸಿಡಿ ಪರದೆ ಇರುವ ಮಾದರಿ ತೋರಿಸುತ್ತಾನೆ. ಅದರಲ್ಲಿ ತಾಪ ಕಾಣುತ್ತದೆ, ಬೇಕಾದರೆ ಪುನೀತ್ ರಾಜ್‌ಕುಮಾರ್ ಫೋಟೋವನ್ನೂ ಹಾಕಬಹುದು. ಈ ಪರದೆಗೆಂದೇ ಹಲವು ಸಾವಿರ ಹೆಚ್ಚಿಗೆ ಕೊಡಬೇಕು. ಕೊಡುವ ಮೊದಲು ತಮ್ಮ ಕ್ಯಾಬಿನೆಟ್ ಇರುವ ಜಾಗ ನೆನಪಿಸಿಕೊಳ್ಳಿ: ಮೇಜಿನ ಕೆಳಗೆ, ಗಾಜು ಗೋಡೆ ಕಡೆಗೆ, ಪಕ್ಕದಲ್ಲಿ ಕಸದ ಬುಟ್ಟಿ. ಆ ಪರದೆಗೆ ಮದರ್‌ಬೋರ್ಡಿನಲ್ಲಿ ಒಂದು ಯುಎಸ್‌ಬಿ ಹೆಡರ್ ಬೇಕು, ಹಿನ್ನೆಲೆಯಲ್ಲಿ ಸದಾ ಓಡುವ ಒಂದು ಸಾಫ್ಟ್‌ವೇರ್ ಬೇಕು. ತಣಿಸಬೇಕಾದ ಪ್ರೊಸೆಸರಿಗೇ ಅದನ್ನು ಓಡಿಸುವ ಕೆಲಸ.

ಪೆಟ್ಟಿಗೆಯ ಮೇಲೆ '300 ವಾಟ್ ಟಿಡಿಪಿ', ಅಂದರೆ ಅಷ್ಟು ಬಿಸಿಯನ್ನು ತಣಿಸಬಲ್ಲೆ, ಎಂದು ಬರೆದಿದ್ದರೆ ಗೌರವದಿಂದ ಓದಿ ಮುಂದೆ ಸಾಗಿ. ಆ ಸಂಖ್ಯೆ ಅಳೆಯಲು ಎಲ್ಲರೂ ಒಪ್ಪಿದ ಮಾನದಂಡವಿಲ್ಲ. ಶಬ್ದದ ಡೆಸಿಬಲ್ ಲೆಕ್ಕಕ್ಕೂ ತಲೆ ಕೆಡಿಸಿಕೊಳ್ಳಬೇಡಿ. ಅದನ್ನು ಅಳೆದ ಕೋಣೆಯಲ್ಲಿ 5ರಲ್ಲಿ ತಿರುಗುವ ಸೀಲಿಂಗ್ ಫ್ಯಾನು ಇರಲಿಲ್ಲ, ಅಡುಗೆಮನೆಯಿಂದ ಕುಕ್ಕರೂ ಕೂಗಿರಲಿಲ್ಲ.

ನಿಜವಾಗಿ ನೋಡಬೇಕಾದದ್ದು ವಾರಂಟಿ. ಮೂರು ವರ್ಷವೋ, ಐದೋ, ಆರೋ? ಸೋರಿ ಗ್ರಾಫಿಕ್ಸ್ ಕಾರ್ಡ್ ಹಾಳಾದರೆ ಅದಕ್ಕೂ ಪರಿಹಾರವಿದೆಯೋ, ಕೂಲರಿಗೆ ಮಾತ್ರವೋ? ಭಾರತದಲ್ಲಿ ಅದನ್ನು ನಿಭಾಯಿಸುವ ವಿತರಕರು ಯಾರು? ಈ ಮೂರು ಪ್ರಶ್ನೆ ಕೇಳಿದಾಗ ಹುಡುಗ ಒಳಗಿನಿಂದ ಓನರನ್ನು ಕರೆಯುತ್ತಾನೆ. ಸೀರಿಯಲ್ ನಂಬರ್ ಬರೆದ ಜಿಎಸ್‌ಟಿ ಬಿಲ್ಲು ಕೈಗೆ ಬರುವವರೆಗೆ ಕೌಂಟರ್ ಬಿಟ್ಟು ಕದಲತಕ್ಕದ್ದಲ್ಲ.

ಅಧ್ಯಾಯ 7: ಜೋಡಣೆ

ತಾಮ್ರದ ತಟ್ಟೆಗೆ ಅಂಟಿಸಿರುವ ಪ್ಲಾಸ್ಟಿಕ್ ಹಾಳೆಯನ್ನು ತೆಗೆಯಿರಿ. ಈ ಅಧ್ಯಾಯದಲ್ಲಿ ಬೇರೇನು ಮರೆತರೂ ಪರವಾಗಿಲ್ಲ. ನಮ್ಮಲ್ಲಿ ಫ್ರಿಜ್ಜಿನ ಬಾಗಿಲಿನ ಪ್ಲಾಸ್ಟಿಕ್ಕನ್ನು, ಕಾರಿನ ಸೀಟಿನ ಕವರನ್ನು ವರ್ಷಗಟ್ಟಲೆ ಕೀಳದೆ ಹೊಸತು ಹೊಸತಾಗಿಯೇ ಇಟ್ಟುಕೊಳ್ಳುವ ಪದ್ಧತಿ ಇದೆ. ಇಲ್ಲಿ ಅದು ನಡೆಯುವುದಿಲ್ಲ.

ಎಎಂಡಿಯ ಎಎಂ5 ಬೋರ್ಡಿನ ಹಿಂಬದಿಯ ಲೋಹದ ಫಲಕವನ್ನು ತೆಗೆಯಲು ಹೋಗಬೇಡಿ, ಸಾಕೆಟ್ಟನ್ನು ಹಿಡಿದಿಟ್ಟಿರುವುದು ಅದೇ. ಇಂಟೆಲ್‌ನ ಎಲ್‌ಜಿಎ 1200 ಸಾಕೆಟ್ಟಿನ ಹಳೆಯ ಚೌಕಟ್ಟನ್ನು 1700ಕ್ಕೆ ಒತ್ತಿ ಕೂರಿಸಬೇಡಿ, ತೂತುಗಳ ನಡುವಿನ ಅಂತರ 75ರಿಂದ 78 ಮಿಲಿಮೀಟರಿಗೆ ಹೋಗಿದೆ.

ರೇಡಿಯೇಟರನ್ನು ವಾಸ್ತು ಪ್ರಕಾರ ಯಾವ ದಿಕ್ಕಿಗೆ ಇಡಬೇಕೆಂದು ಕೇಳಿ ಬರುವ ಪ್ರಶ್ನೆಗಳಿಗೆ ಉತ್ತರ: ಮೇಲೆ. ಸೀಲು ಮಾಡಿದ ವ್ಯವಸ್ಥೆಯಲ್ಲೂ ಸ್ವಲ್ಪ ಗಾಳಿ ಇದ್ದೇ ಇರುತ್ತದೆ, ಅದು ಎಲ್ಲಕ್ಕಿಂತ ಎತ್ತರದ ಜಾಗಕ್ಕೆ ಏರುತ್ತದೆ. ಆ ಜಾಗ ಪಂಪು ಆಗಕೂಡದು. ಕ್ಯಾಬಿನೆಟ್ಟಿನ ಮುಂಭಾಗದಲ್ಲಿ ನಿಲ್ಲಿಸಿದರೂ ಸರಿ, ರೇಡಿಯೇಟರಿನ ತಲೆ ಪಂಪಿಗಿಂತ ಮೇಲಿರಬೇಕು. ಮುಂಭಾಗದಲ್ಲಿಟ್ಟರೆ ಪ್ರೊಸೆಸರಿಗೆ ತಾಜಾ ಗಾಳಿ, ಗ್ರಾಫಿಕ್ಸ್ ಕಾರ್ಡಿಗೆ ಅದರ ಎಂಜಲು. ಮೇಲೆ ಇಟ್ಟರೆ ಕಾರ್ಡಿನ ಎಂಜಲು ಪ್ರೊಸೆಸರಿಗೆ. ಗೇಮ್ ಆಡುವವರಿಗೆ ಎರಡನೆಯದೇ ವಾಸಿ. ಅಲ್ಲಿ ಹೆಚ್ಚು ದುಡಿಯುವುದು ಕಾರ್ಡು.

ಅಧ್ಯಾಯ 8: ಆರೈಕೆ

ನೀರು ಹಾಕಬಾರದು. ಕಾವೇರಿಯದೂ ಬೇಡ, ಬೋರ್‌ವೆಲ್‌ನದೂ ಬೇಡ, ಆರ್‌ಒ ನೀರೂ ಬೇಡ. ಕೆಲವು ತಿಂಗಳಿಗೊಮ್ಮೆ ರೇಡಿಯೇಟರಿನ ಧೂಳು ಊದಬೇಕು, ಊದುವಾಗ ಫ್ಯಾನು ತಿರುಗದಂತೆ ಬೆರಳಿನಿಂದ ಹಿಡಿದಿರಬೇಕು. ಆಯುಧಪೂಜೆಯ ದಿನ ಕುಂಕುಮವನ್ನು ಕ್ಯಾಬಿನೆಟ್ಟಿನ ಪಕ್ಕದ ಗಾಜಿಗೆ ಇಡತಕ್ಕದ್ದು. ಮೇಲ್ಛಾವಣಿಯ ಜಾಲರಿಯ ಮೇಲೆ ಅಕ್ಷತೆ ಹಾಕಿದರೆ ಅದು ಫ್ಯಾನಿಗೆ ಬೀಳುತ್ತದೆ. ಚೆಂಡುಹೂವಿನ ಎಸಳೂ ಅಷ್ಟೇ. ತೀರ್ಥ ಪ್ರೋಕ್ಷಣೆ ಬೇಡವೆಂದು ಅಜ್ಜಿಗೆ ಮೊದಲೇ ತಿಳಿಸಿ, 'ಅದರೊಳಗೆ ಆಗಲೇ ನೀರಿದೆ ಅಜ್ಜಿ' ಎಂದರೆ ಒಪ್ಪಿಕೊಳ್ಳುತ್ತಾರೆ.

ಅಧ್ಯಾಯ 9: ದೋಷ ನಿವಾರಣೆ

ಆನ್ ಮಾಡಿದ ಕೆಲವೇ ಕ್ಷಣದಲ್ಲಿ ತಾಪ 95 ದಾಟಿ ಯಂತ್ರ ನಿಂತುಹೋಗುತ್ತದೆ: ಪಂಪಿನ ವೈರು ಸಿಕ್ಕಿಸಿಲ್ಲ. ಸಿಕ್ಕಿಸಿದ್ದರೆ ಪಂಪು ಸತ್ತಿದೆ. ಬದುಕಿದ್ದರೆ ಅಧ್ಯಾಯ 7ರ ಮೊದಲ ವಾಕ್ಯ.

ಗೊಳಗೊಳ ಶಬ್ದ: ಗಾಳಿಗುಳ್ಳೆ ಪಂಪಿಗೆ ಬಂದಿದೆ. ಯಂತ್ರ ಆರಿಸಿ, ಕ್ಯಾಬಿನೆಟ್ಟನ್ನು ಆ ಕಡೆ ಈ ಕಡೆ ವಾಲಿಸಿ ನೋಡಿ. ಹೋಗದಿದ್ದರೆ ರೇಡಿಯೇಟರ್ ಇರುವ ಜಾಗವೇ ತಪ್ಪು.

ಮೊದಲು ಚೆನ್ನಾಗಿತ್ತು, ನಾಲ್ಕೈದು ವರ್ಷಕ್ಕೆ ತಾಪ ನಿಧಾನವಾಗಿ ಏರುತ್ತಿದೆ: ಸೀಲು ಎಷ್ಟೇ ಗಟ್ಟಿಯಿದ್ದರೂ ರಬ್ಬರ್ ಪೈಪಿನ ಗೋಡೆಯ ಮೂಲಕ ನೀರು ತೀರಾ ನಿಧಾನವಾಗಿ ಆವಿಯಾಗಿ ಹೋಗುತ್ತಿರುತ್ತದೆ. ಹೆಚ್ಚಿನವುಗಳಲ್ಲಿ ತುಂಬಿಸಿಕೊಳ್ಳಲು ದಾರಿಯಿಲ್ಲ. ಹೊಸದು ಕೊಳ್ಳಬೇಕು. ಪಕ್ಕದ ಮನೆಯವರ ಏರ್ ಕೂಲರಿನಲ್ಲಿ ಕೆಟ್ಟರೆ ಕೆಡುವುದು ಫ್ಯಾನು ಒಂದೇ ಎಂಬುದನ್ನು ಆ ಹೊತ್ತಿಗೆ ಯೋಚಿಸಬೇಡಿ, ಹೊಟ್ಟೆ ಉರಿಯುತ್ತದೆ, ಅದಕ್ಕೆ ರೇಡಿಯೇಟರ್ ಇಲ್ಲ.

'ಈ ರೂಮ್ಯಾಕೆ ಇಷ್ಟು ಬಿಸಿ?' ಎಂದು ಅಮ್ಮ ಕೇಳುತ್ತಾರೆ: ಕೂಲರ್ ಸರಿಯಾಗಿ ಕೆಲಸ ಮಾಡುತ್ತಿದೆ.

ಎಲ್ಲ ಸರಿಯಿದೆ, ಆದರೂ ತಾಪದ ಸಂಖ್ಯೆ ನೋಡಿ ಜೀವ ಚಡಪಡಿಸುತ್ತದೆ: ಬಯಾಸ್‌ಗೆ ಹೋಗಿ. ಎಎಂಡಿಯಲ್ಲಿ ಇಕೋ ಮೋಡ್ ಎಂದಿರುತ್ತದೆ, ಇಂಟೆಲ್ ಬೋರ್ಡುಗಳಲ್ಲಿ ಪವರ್ ಲಿಮಿಟ್. 7950ಎಕ್ಸ್ ಅನ್ನು ಅಲ್ಲಿ 105 ವಾಟಿಗೋ 65ಕ್ಕೋ ಇಳಿಸಿ. ಭಾರೀ ಕೆಲಸದಲ್ಲಿ ಸ್ವಲ್ಪ ವೇಗ ಹೋಗುತ್ತದೆ, ಗೇಮಿನಲ್ಲಿ ಗೊತ್ತಾಗುವುದೂ ಕಷ್ಟ, ತಾಪ ದಡಕ್ಕನೆ ಇಳಿಯುತ್ತದೆ. ಖರ್ಚು ಸೊನ್ನೆ. ಈ ಪರಿಹಾರವನ್ನು ಅಧ್ಯಾಯ 3ರಲ್ಲೇ ಹೇಳಬಹುದಿತ್ತಲ್ಲ ಎಂದು ಕೆಲವು ಗ್ರಾಹಕರು ಪತ್ರ ಬರೆಯುತ್ತಾರೆ. ಹೇಳಿದ್ದರೆ ತಾವು ಅಂಗಡಿಯವರೆಗೆ ಹೋಗುತ್ತಿರಲಿಲ್ಲ.

ಅಧ್ಯಾಯ 10: ವಿಲೇವಾರಿ

ಸತ್ತ ಕೂಲರನ್ನು ಹಸಿ ಕಸಕ್ಕೂ ಒಣ ಕಸಕ್ಕೂ ಹಾಕುವಂತಿಲ್ಲ, ಇ-ತ್ಯಾಜ್ಯ ಪಡೆಯುವವರಿಗೇ ಕೊಡಬೇಕು. ತಾಮ್ರದ ಆಸೆಗೆ ಮನೆಯಲ್ಲೇ ಪೈಪು ಕತ್ತರಿಸಬೇಡಿ, ಒಳಗಿನ ಗ್ಲೈಕಾಲ್ ನೆಲಕ್ಕೆ ಚೆಲ್ಲುತ್ತದೆ, ನಾಯಿ-ಬೆಕ್ಕು ನೆಕ್ಕಬಾರದು. ಕೊಡುವ ಮೊದಲು ಫ್ಯಾನುಗಳನ್ನು ಬಿಚ್ಚಿ ತೆಗೆದಿಟ್ಟುಕೊಳ್ಳಿ. 120 ಮಿಲಿಮೀಟರಿನ ಫ್ಯಾನು ಬಹುತೇಕ ಎಲ್ಲ ಕ್ಯಾಬಿನೆಟ್ಟಿಗೂ ಕೂರುತ್ತದೆ, ಮುಂದೆ ಕೊಳ್ಳುವ ಏರ್ ಕೂಲರಿಗೂ ಆದೀತು.